ಸ್ಟಾಪಿಗೊಂದರಂತೆ

ರಾತ್ರಿಯೆಲ್ಲ ತೆಂಕಣ ಗಾಳಿ.
ನಸುಕಿಗೆ ಸರೋವರದ ಕಡೆಯಿಂದ ತಿರುಗಿಬಿತ್ತು ಚಳಿ,
ಬೆನ್ನಿಗೇ ಜಿಟಿಜಿಟಿ ಮಳೆ.
ಇಂಥದೊಂದು ಬೆಳಗಿಗೇ ಕಾದಿದ್ದೆ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.
ಮೇ ಹನ್ನೊಂದು, ಷಿಕಾಗೊ.
ಮುಂದೆ ಹೋಗಲಾರದೆ ಇಳಿದಿರುತ್ತವೆ ಪೊದೆಪೊದೆಗೂ
ದಾರಿಹೋಕ ಉಲಿಯಕ್ಕಿ.

ಮೂವತ್ತೊಂದು ವರ್ಷ ಈ ದಂಡೆಗುಂಟ ಬಸ್ಸು ಓಡಿಸಿದವ ನಾನು.
ಕೆಂಪು ದೀಪಕ್ಕೆ ನಿಂತಾಗ ಕಿಟಕಿ ಸರಿಸಿ
ಹಾಡು ಎಣಿಸುತ್ತಿದ್ದೆ. ಹಿಂದಿನ ಸೀಟಿನವರ ಬೈಗುಳ:
ಚಳಿ, ಮುಚ್ಚೋ ಮಾರಾಯ.

ಈಗ ಕಿವಿಯಿಂದ ಒಂದೊಂದೇ ಹಕ್ಕಿ ಇಳಿದುಹೋಗುತ್ತಿದೆ,
ಸ್ಟಾಪಿಗೊಂದರಂತೆ.
ಮೊದಲು ಇಳಿದದ್ದು ಕರಿಟೋಪಿಯದು,
ಸೂಜಿಯಲ್ಲಿ ಗಾಜು ಗೀಚಿದಂಥ ದನಿ.
ಹೋದ ವರ್ಷ ಕೆಂಡಗೊರಳಿನದೂ.
ಕೊಕ್ಕು ತೆರೆದಿತ್ತು, ಗಂಟಲು ನಡುಗುತ್ತಿತ್ತು,
ಬೈನಾಕ್ಯುಲರಿನೊಳಗೆ ಮೂಕಿಚಿತ್ರ.
ಡಾಕ್ಟರು ಹಾಳೆಯಲ್ಲಿ ಗೆರೆ ತೋರಿಸಿದರು, ಬಲಕ್ಕೆ ಹೋದಂತೆ ಇಳಿಜಾರು.
ಮಾತು ಕೇಳುತ್ತಲ್ಲ, ಮಿಸ್ಟರ್ ಪೆಟಿಗ್ರೂ, ಸಾಕಲ್ಲ, ಅಂದರು.

ಹಾಗಾಗಿ ಇತ್ಸೆಲ್ ಬರುತ್ತಾಳೆ. ಕೆಳಮನೆಯ ಹುಡುಗಿ,
ಹನ್ನೆರಡು ವರ್ಷ, ಹಲ್ಲಿಗೆ ತಂತಿ,
ಅಮ್ಮ ಬೇಕರಿಗೆ ಹೊರಡುವ ಹೊತ್ತಿಗೇ ಎದ್ದವಳು.
ಕುರುಡನ ಹೆಗಲೇರಿದ ಕುಂಟನ ಹಾಗೆ
ನನ್ನ ಕಣ್ಣು, ಅವಳ ಕಿವಿ.
ಕೇಳಿದರೆ ಬೆರಳೆತ್ತಬೇಕು, ಮಾತಾಡಕೂಡದು.
ಇದು ಕರಾರು.

ಮೊದಲ ಪಾರ್ಕು. ನೀರಂಚಿನ ವಿಲ್ಲೋ ಸಾಲು.
ಹಳದಿ ಸೊಂಟದವು ಎಲ್ಲೆಲ್ಲೂ; ಇತ್ಸೆಲ್ ಎಣಿಕೆ ಕೈಬಿಟ್ಟು
‘ತುಂಬಾ’ ಎಂದು ಬರೆದಳು.
ಬಾಲ ಕುಣಿಸುತ್ತ ಹುಲ್ಲಲ್ಲಿ ನಡೆವುದೊಂದು,
ತಲೆಕೆಳಗಾಗಿ ಕಾಂಡಕ್ಕಂಟಿದ ಕಪ್ಪುಬಿಳಿ ಪಟ್ಟೆಯದೊಂದು,
ಯಾವುದಕ್ಕೂ ನಮ್ಮ ಪರಿವೆಯಿಲ್ಲ.
ಇಷ್ಟು ಹಸಿದವಕ್ಕೆ ಎಂಥ ಭಯ?
ನನ್ನ ಬೂಟಿನ ತುದಿಯಿಂದಲೇ ಹುಳ ಹೆಕ್ಕಿತೊಂದು.
ಇದರ ತೂಕ ಎರಡು ಕ್ವಾರ್ಟರ್ ನಾಣ್ಯ, ಅಂದೆ.
ಬಸ್ಸಿಗೂ ಸಾಲಲ್ಲ, ಅಂದಳು.

ಎರಡನೆಯದರಲ್ಲಿ ಜನವೋ ಜನ.
ಒಂದೇ ಪೊದೆಗೆ ನಲವತ್ತು ಲೆನ್ಸು. ಯಾವುದೋ ಅಪರೂಪದ್ದಂತೆ,
ಈಗತಾನೇ ಇಲ್ಲಿತ್ತಂತೆ,
ಕಂಡವರು ಮಾತ್ರ ಒಬ್ಬರೂ ಸಿಗಲಿಲ್ಲ.
ಬೆಂಚಿನಲ್ಲಿ ಕೂತು ಟಮಾಲೆ ಬಿಚ್ಚಿದೆವು, ಅವಳಮ್ಮ ಕಟ್ಟಿಕೊಟ್ಟದ್ದು,
ಜೋಳದ ಸಿಪ್ಪೆಯೊಳಗೆ ಇನ್ನೂ ಬೆಚ್ಚಗೆ.
ಬಾಯಲ್ಲಿ ತುತ್ತಿರುವಾಗಲೇ ಅವಳ ಬೆರಳು ಮೇಲೆದ್ದಿತು.

ಮೈಯೆಲ್ಲ ಕಿವಿಯಾದೆ.
ಅಲೆ. ಹೆದ್ದಾರಿಯ ಮೊರೆತ. ನನ್ನದೇ ಅಗಿತ.
ಬೆರಳು ಇಳಿಯಲಿಲ್ಲ.
ಓಕ್ ಮರದ ಚಿಗುರುಗೆಂಪಿನಲ್ಲಿ ಎಲ್ಲೆಂದು ಹುಡುಕಲಿ?
ಹೇಗಿದೆ, ಎಂದೆ, ಕರಾರು ಮುರಿದು.
ಯೋಚಿಸಿದಳು. ‘ಜಿಪ್ಪು ಎಳೆದ ಹಾಗೆ.
ಮೇಲೆ, ಮೇಲೆ, ಆಮೇಲೆ ಇಲ್ಲ.’
ಅದೇ. ಅದೇ ಅದು.
ಆಮೇಲೆ ಇಲ್ಲ.

ಮೂರನೆಯದಕ್ಕೆ ಹೊತ್ತು ಇಳಿದಿತ್ತು. ಗ್ರಾಜಿನಾ ಸಿಕ್ಕಳು,
ಪೇಟೆಯ ಗಾಜಿನ ಗೋಪುರಗಳ ಬುಡವನ್ನೆಲ್ಲ
ಕತ್ತಲಿರುವಾಗಲೇ ತಡಕಿ ಬಂದವಳು.
ಕಾರಿನ ಡಿಕ್ಕಿಯಲ್ಲಿ ಸತ್ತವಕ್ಕೊಂದು ಪೆಟ್ಟಿಗೆ,
ಉಸಿರಿದ್ದವಕ್ಕೆ ಕಾಗದದ ಚೀಲ; ಇವತ್ತು ಚೀಲ ಒಂದೇ.
ಇತ್ಸೆಲ್ ಬಗ್ಗಿ ನೋಡಿದಳು, ಬಹಳ ಹೊತ್ತು.
‘ಇವನ್ನೂ ಬರೆಯಬೇಕಾ?’
ಬರಿ, ಅಂದಳು ಗ್ರಾಜಿನಾ. ಬೇರೆ ಪುಟದಲ್ಲಿ.
ಇಪ್ಪತ್ತಮೂರು.
ಇಲ್ಲಿ ‘ತುಂಬಾ’ ಎಂದು ಬರೆಯಲಿಲ್ಲ.

ಕಾರು ಸ್ಟಾರ್ಟ್ ಆಗಲಿಲ್ಲ. ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಗ್ರಾಜಿನಾ ಪೋಲಿಷಿನಲ್ಲಿ ಅದಕ್ಕೊಂದಿಷ್ಟು ಉಗಿದಳು.
ಹಕ್ಕಿಗಳ ಆಸ್ಪತ್ರೆಗೆ ನಾನೇ ಹೊರಟೆ, ಬಸ್ಸಿನಲ್ಲಿ,
ನನ್ನದೇ ಹಳೆಯ ರೂಟು. ಯಾರೋ ಹೊಸ ಡ್ರೈವರು,
ತಿರುವಿನಲ್ಲಿ ಬ್ರೇಕು ಗಟ್ಟಿಯಾಗಿ ಒತ್ತುತ್ತಾಳೆ.
ತೊಡೆಯ ಮೇಲೆ ಚೀಲ, ಬಾಯಿ ಮಡಚಿ ಕ್ಲಿಪ್ಪು ಸಿಕ್ಕಿಸಿದ್ದು.
ಒಳಗೆ ಯಾವುದೆಂದು ಗ್ರಾಜಿನಾ ಹೇಳಿರಲಿಲ್ಲ,
ನಾನೂ ಕೇಳಿರಲಿಲ್ಲ.

‘ಗೀರುತ್ತಾ ಇದೆ,’ ಅಂದಳು ಇತ್ಸೆಲ್. ‘ಕೇಳಿಸುತ್ತಾ?’
ಇಲ್ಲ, ಅಂದೆ. ಕೈ ತೆಗೆಯಲಿಲ್ಲ.
ಕಾಗದದಾಚೆಯಿಂದ ಅಂಗೈಗೆ ತಗಲುತ್ತಲೇ ಇತ್ತು
ಎರಡು ನಾಣ್ಯದಷ್ಟು ಅವಸರ.

ನಮ್ಮ ಸ್ಟಾಪು ಬಂತು. ಹಗ್ಗ ಎಳೆದದ್ದು ಅವಳು.
ಗಂಟೆ ನನಗೂ ಕೇಳಿಸಿತು.